ಅಡಿಲೇಡ್ ನಗರದ ಸ್ತ್ರೀಯರ ಕಾಲ್ಚೆಂಡು ಪಂಗಡ

ಹೆಣ್ಣುಮಕ್ಕಳ ಆಟಗಳ ವಿಷಯದಲ್ಲಿ ಪಾಲಕರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು. ಚಿಕ್ಕ ಹುಡುಗಿಯರು ಬಯಲಿನಲ್ಲಿ ಓಡಾಡುವುದು ಸಹಜವೇ ಸರಿ. ಹನ್ನೆರಡು ಹದಿಮೂರು ವರುಷಗಳು ತುಂಬಿದ ಮೇಲೆಯೂ ಚೆಂಡಿನ ಹಿಂದೆ ಓಡುವುದರಿಂದ ಅವರಿಗೆ ಬರುವ ಪ್ರಯೋಜನವೇನು ಎಂದು ಕೇಳುತ್ತಾರೆ. ಪ್ರಶ್ನೆಯು ಸದುದ್ದೇಶದಿಂದಲೇ ಬರುವಂಥಾದ್ದು. ಏಳನೆಯ ತರಗತಿಯವರೆಗೆ ಬಯಲಿನಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿಯರು ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಗೋಡೆಯ ನೆರಳಿನಲ್ಲಿ ಪುಸ್ತಕ ಹಿಡಿದು ನಿಲ್ಲುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಅವರಲ್ಲಿ ಅನೇಕರು ತಾವೇ ಹಾಗೆ ನಿಂತವರು. ಇದಕ್ಕೆ ಉಪದೇಶದ ಮೂಲಕ ಉತ್ತರ ಹೇಳುವುದಕ್ಕಿಂತ, ಇದೇ ಪ್ರಶ್ನೆಯು ಬೇರೊಂದು ದೇಶದಲ್ಲಿ ಎದ್ದಾಗ ಅಲ್ಲಿ ಅದಕ್ಕೆ ಎಂಥ ಉತ್ತರವು ದೊರೆಯಿತೆಂಬುದನ್ನು ವಿವರಿಸುವುದು ಲೇಸೆಂದು ತೋರಿತು. ಆದಕಾರಣ ಈ ಸಂಚಿಕೆಯಲ್ಲಿ ಆಸ್ಟ್ರೇಲಿಯ ಖಂಡದ ಅಡಿಲೇಡ್ ನಗರದಲ್ಲಿರುವ ಸ್ತ್ರೀಯರ ಕಾಲ್ಚೆಂಡು ಪಂಗಡವೊಂದರ ವೃತ್ತಾಂತವನ್ನು ಬರೆದಿದ್ದೇನೆ.

ಮೊದಲು ಆಟದ ಸ್ವರೂಪವನ್ನು ತಿಳಿಯುವುದು ಅವಶ್ಯ. ಇದು ನಮ್ಮ ಊರುಗಳಲ್ಲಿ ಹುಡುಗರು ಆಡುವ ಫುಟ್‌ಬಾಲ್ ಅಲ್ಲ. ಆಸ್ಟ್ರೇಲಿಯದವರು ತಮಗಾಗಿಯೇ ಮಾಡಿಕೊಂಡ ಆಟವಿದು. ಇದರ ಮೊದಲನೆಯ ನಿಯಮಗಳನ್ನು ಮೆಲ್ಬರ್ನ್ ಕ್ಲಬ್ಬಿನ ಸದಸ್ಯರು 1859ರ ಮೇ ತಿಂಗಳಲ್ಲಿ ಬರೆದಿಟ್ಟರು. ಇಂಗ್ಲೆಂಡಿನ ಫುಟ್‌ಬಾಲ್ ಸಂಘವು ತನ್ನ ನಿಯಮಗಳನ್ನು ಬರೆದದ್ದು 1863ರಲ್ಲಿ. ಹೀಗೆ ವಯಸ್ಸಿನಲ್ಲಿ ಇದೇ ಹಿರಿಯದು. ಕ್ರಿಕೆಟ್ಟು ಆಡುವ ದೊಡ್ಡ ಅಂಡಾಕಾರದ ಬಯಲಿನಲ್ಲಿಯೇ ಇದನ್ನು ಆಡುತ್ತಾರೆ. ಚೆಂಡು ಸಹ ಅಂಡಾಕಾರದ್ದು. ಆದುದರಿಂದ ಅದು ನೆಲಕ್ಕೆ ಬಿದ್ದರೆ ಯಾವ ದಿಕ್ಕಿಗೆ ಪುಟಿಯುವುದೆಂದು ಹೇಳುವುದು ಕಷ್ಟ. ಬಯಲಿನ ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳು ಸಾಲಾಗಿ ನಿಂತಿರುತ್ತವೆ. ನಡುವಣ ಎರಡು ಎತ್ತರವಾದ ಕಂಬಗಳ ನಡುವೆ ಚೆಂಡನ್ನು ಒದ್ದು ದಾಟಿಸಿದರೆ ಒಂದು ಗೋಲು, ಅದಕ್ಕೆ 6 ಅಂಕಗಳು. ಅವುಗಳ ಪಕ್ಕದ ಗಿಡ್ಡ ಕಂಬಗಳೊಳಗೆ ಹೋದರೆ 1 ಅಂಕ ಮಾತ್ರ. ಗುರಿಯನ್ನು ಸ್ವಲ್ಪ ತಪ್ಪಿದವರಿಗೂ ಕೂಲಿ ಕೊಡುವ ಆಟ ಬೇರೊಂದನ್ನು ನಾನರಿಯೆ. ಚೆಂಡನ್ನು ಕೈಯಿಂದ ಎಸೆಯುವುದು ನಿಷಿದ್ಧ. ಒಂದು ಅಂಗೈಯ ಮೇಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಜೊತೆಗಾರಳಿಗೆ ಕೊಡಬೇಕು. ಚೆಂಡನ್ನು ಹಿಡಿದುಕೊಂಡು ಓಡಬಹುದು, ಆದರೆ ಹದಿನೈದು ಮೀಟರಿಗೊಮ್ಮೆ ಅದನ್ನು ನೆಲಕ್ಕೆ ತಾಗಿಸಬೇಕು. ಒಬ್ಬರು ಹದಿನೈದು ಮೀಟರಿಗಿಂತ ದೂರಕ್ಕೆ ಒದ್ದ ಚೆಂಡನ್ನು ಇನ್ನೊಬ್ಬರು ನೆಲಕ್ಕೆ ಬೀಳುವ ಮೊದಲೇ ಗಾಳಿಯಲ್ಲಿ ಹಿಡಿದರೆ, ಹಿಡಿದವರಿಗೆ ಯಾರ ಅಡ್ಡಿಯೂ ಇಲ್ಲದೆ ಮುಂದಕ್ಕೆ ಒದೆಯುವ ಹಕ್ಕು ದೊರೆಯುತ್ತದೆ. ಇದಕ್ಕಾಗಿಯೇ ಆಟಗಾರರು ಒಬ್ಬರ ಬೆನ್ನ ಮೇಲೊಬ್ಬರು ನೆಗೆದು ಚೆಂಡನ್ನು ಹಿಡಿಯುವ ಸಾಹಸವನ್ನು ಮಾಡುತ್ತಾರೆ. ಗಂಡಸರ ಆಟದಲ್ಲಿ ಒಂದು ಪಂಗಡಕ್ಕೆ 18 ಮಂದಿ ಬಯಲಿನಲ್ಲಿದ್ದರೆ, ಸ್ತ್ರೀಯರ ಲೀಗಿನಲ್ಲಿ 16 ಮಂದಿ. ಚೆಂಡೂ ತುಸು ಚಿಕ್ಕದು. ಉಳಿದ ನಿಯಮಗಳು ಬಹುಮಟ್ಟಿಗೆ ಒಂದೇ. ಎದುರಾಳಿಯನ್ನು ಹಿಡಿದು ಕೆಡವುವುದು ಸ್ತ್ರೀಯರಿಗೂ ಉಂಟು. ತಾಯಂದಿರು ಇದನ್ನೋದಿ ಹುಬ್ಬು ಗಂಟಿಕ್ಕುವರೆಂದು ಬಲ್ಲೆ. ಗಾಯಗಳ ಮಾತನ್ನು ಮುಂದೆ ಹೇಳುತ್ತೇನೆ.

ಸ್ತ್ರೀಯರು ಈ ಆಟವನ್ನು ಮೊನ್ನೆ ಮೊನ್ನೆ ಕಲಿತರೆಂದು ತಿಳಿಯಬಾರದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಷ್ಟು ಹಿಂದೆಯೇ, ಪರ್ತ್ ನಗರದ ದೊಡ್ಡ ಅಂಗಡಿಯೊಂದರ ಕೆಲಸಗಾರ್ತಿಯರು ಪಂಗಡ ಕಟ್ಟಿ ಆಡಿದ್ದರು. ಅನಂತರವೂ ಅಲ್ಲಲ್ಲಿ ಧರ್ಮಾರ್ಥವಾಗಿ ಹಣ ಕೂಡಿಸುವುದಕ್ಕೆ ಸ್ತ್ರೀಯರ ಪಂದ್ಯಗಳು ನಡೆದವು. ಜನರು ನೋಡಿದರು, ನಕ್ಕರು, ಕಾಣಿಕೆ ಹಾಕಿದರು, ಮರೆತರು. ವಿಕ್ಟೋರಿಯ ಸಂಸ್ಥಾನದಲ್ಲಿ ಸ್ತ್ರೀಯರದೇ ಆದ ಲೀಗು ಹುಟ್ಟಿದ್ದು 1981ರಲ್ಲಿ, ನಾಲ್ಕೇ ಪಂಗಡಗಳಿಂದ. ಆ ಲೀಗಿನವರು ಆಡುವುದಕ್ಕೆ ತಾವೇ ಹಣ ತೆತ್ತು, ಉಡುಪುಗಳನ್ನು ತಾವೇ ಕೊಂಡು, ಗಂಡಸರಿಗೆ ಬೇಡವಾದ ಹೊತ್ತಿನಲ್ಲಿ ಬೇಡವಾದ ಬಯಲುಗಳಲ್ಲಿ ಆಡಿದವರು.

ಹುಡುಗಿಯರ ಸ್ಥಿತಿಯು ಇದಕ್ಕಿಂತ ವಿಚಿತ್ರವಾಗಿತ್ತು. ಚಿಕ್ಕಂದಿನಲ್ಲಿ ಅವರು ಅಣ್ಣತಮ್ಮಂದಿರ ಜೊತೆಯಲ್ಲಿ ಹುಡುಗರ ಪಂಗಡಗಳಲ್ಲಿಯೇ ಆಡಬಹುದಾಗಿತ್ತು. ಹನ್ನೆರಡು ಹದಿಮೂರನೆಯ ವಯಸ್ಸು ಬಂತೆಂದರೆ, ಇನ್ನು ನೀನು ಬರಬೇಡವೆಂದು ಹೇಳುವರು. ಹುಡುಗಿಯರಿಗೆಂದು ಬೇರೆ ಪಂಗಡಗಳಿಲ್ಲದ ಊರುಗಳಲ್ಲಿ ಆ ಮಾತಿಗೆ ಅರ್ಥವೊಂದೇ: ಆಟವು ಮುಗಿಯಿತು. ಮೆಲ್ಬರ್ನಿನ ಮೂವರು ಹುಡುಗಿಯರು ಇದನ್ನು ಸುಮ್ಮನೆ ಒಪ್ಪಲಿಲ್ಲ. ತಮ್ಮನ್ನು ಹೊರಗೆ ಹಾಕಿದ್ದು ಅನ್ಯಾಯವೆಂದು ಅವರು ವಿಕ್ಟೋರಿಯದ ನ್ಯಾಯಮಂಡಲಿಯ ಮುಂದೆ ದೂರು ಕೊಟ್ಟರು. 2004ರಲ್ಲಿ ತೀರ್ಪು ಬಂತು. ಹದಿನಾಲ್ಕು ವರುಷಕ್ಕೆ ಕೆಳಗಿನ ಹುಡುಗಿಯರನ್ನು ತಡೆಯಕೂಡದು, ಅದಕ್ಕೆ ಮೇಲಿನವರನ್ನು ತಡೆಯಬಹುದು ಎಂಬುದೇ ಅದರ ಸಾರ. ದೂರು ಕೊಟ್ಟವರಿಗೆ ಅರ್ಧ ಜಯ, ಅರ್ಧ ಸೋಲು. ಆದರೂ ಆ ವ್ಯಾಜ್ಯದಿಂದ ಒಂದು ಒಳ್ಳೆಯದಾಯಿತು. ದೊಡ್ಡ ಹುಡುಗಿಯರಿಗೆ ಹುಡುಗರ ಜೊತೆ ಆಡಲು ಎಡೆಯಿಲ್ಲವಾದರೆ ಅವರಿಗೆ ಪ್ರತ್ಯೇಕವಾಗಿ ಎಡೆ ಮಾಡಲೇಬೇಕೆಂಬ ಮಾತು ಎಲ್ಲರ ಕಣ್ಣಿಗೂ ಕಂಡಿತು. ಅದೇ ವರುಷದಿಂದ ಹುಡುಗಿಯರ ಪಂದ್ಯಾಟಗಳು ಅಲ್ಲಿ ಮೊದಲಾದವು. ಆ ಮೂವರಲ್ಲಿ ಒಬ್ಬಳಾದ ಪೆನ್ನಿ ಕುಲಾ-ರೀಡ್ ಎಂಬಾಕೆಯು 2017ರಲ್ಲಿ ಕಾಲಿಂಗ್‌ವುಡ್ ಕ್ಲಬ್ಬಿನ ಸ್ತ್ರೀಯರ ಪಂಗಡದಲ್ಲಿ ಆಡಿದಳು.

ಇನ್ನು ಅಡಿಲೇಡಿಗೆ ಬರುವೆನು. ಇದು ದಕ್ಷಿಣ ಆಸ್ಟ್ರೇಲಿಯ ಸಂಸ್ಥಾನದ ಮುಖ್ಯ ಪಟ್ಟಣ. ಚರ್ಚುಗಳ ನಗರವೆಂದು ಅಡ್ಡಹೆಸರುಳ್ಳದ್ದು. 1894ರಲ್ಲಿಯೇ ಈ ಸಂಸ್ಥಾನವು ಸ್ತ್ರೀಯರಿಗೆ ಮತ ಕೊಡುವ ಹಕ್ಕನ್ನೂ ಶಾಸನಸಭೆಗೆ ನಿಲ್ಲುವ ಹಕ್ಕನ್ನೂ ಒಟ್ಟಿಗೆ ಕೊಟ್ಟಿತು. ಸಭೆಗೆ ನಿಲ್ಲುವ ಹಕ್ಕನ್ನು ಅದಕ್ಕೆ ಮೊದಲು ಲೋಕದಲ್ಲಿ ಯಾವ ಸಂಸ್ಥಾನವೂ ಕೊಟ್ಟಿರಲಿಲ್ಲ. ಶಾಸನಸಭೆಯ ಬಾಗಿಲಿಗಿಂತ ಆಟದ ಬಯಲಿನ ಬಾಗಿಲು ನೂರು ವರುಷಗಳಿಗಿಂತ ಹೆಚ್ಚು ಕಾಲ ಮುಚ್ಚಿಯೇ ಇತ್ತೆಂಬುದು ಯೋಚಿಸತಕ್ಕ ವಿಷಯವು.

ಅಡಿಲೇಡ್ ಫುಟ್‌ಬಾಲ್ ಕ್ಲಬ್ಬು ಹುಟ್ಟಿದ್ದು 1990ರಲ್ಲಿ. ಆ ವರುಷ, ಸಂಸ್ಥಾನದ ಹಳೆಯ ಕ್ಲಬ್ಬಾದ ಪೋರ್ಟ್ ಅಡಿಲೇಡಿನವರು ಉಳಿದವರನ್ನು ಬಿಟ್ಟು ತಾವೊಬ್ಬರೇ ದೇಶದ ದೊಡ್ಡ ಲೀಗಿಗೆ ಸೇರಲು ಯತ್ನಿಸಿದರು. ಇದರಿಂದ ಕೋಪಗೊಂಡ ಸ್ಥಳೀಯ ಲೀಗಿನವರು ಇಡೀ ಸಂಸ್ಥಾನದ ಪರವಾಗಿ ಅವಸರದಿಂದ ಹೊಸ ಕ್ಲಬ್ಬೊಂದನ್ನು ಕಟ್ಟಿ 1991ರಲ್ಲಿ ದೊಡ್ಡ ಲೀಗಿಗೆ ಕಳುಹಿಸಿದರು. ಪೋರ್ಟಿನವರಿಗೆ ಪ್ರವೇಶ ದೊರೆತದ್ದು 1997ರಲ್ಲಿ. ಒಂದೇ ಊರಿನ ಈ ಎರಡು ಕ್ಲಬ್ಬುಗಳಿಗೆ ದಾಯಾದಿಗಳ ಹಗೆಯು ಹುಟ್ಟಿನಿಂದಲೇ ಬಂದದ್ದು. ಅಡಿಲೇಡ್ ಕ್ಲಬ್ಬಿನ ಗುರುತು ಕಾಗೆ. ದಕ್ಷಿಣ ಆಸ್ಟ್ರೇಲಿಯದವರನ್ನು ಇತರರು ಕಾಗೆ ತಿನ್ನುವವರೆಂದು ಹಾಸ್ಯಮಾಡುತ್ತಿದ್ದುದೇ ಈ ಗುರುತಿಗೆ ಕಾರಣವು. ನಮ್ಮ ಸೀಮೆಯಲ್ಲಿ ಒಂದು ಪಂಗಡಕ್ಕೆ ಕಾಗೆಗಳೆಂದು ಹೆಸರಿಟ್ಟರೆ ಮೊದಲನೆಯ ಪಂದ್ಯಕ್ಕೆ ಮುಂಚೆಯೇ ಅರ್ಧ ಮಂದಿ ಬಿಟ್ಟುಹೋದಾರು! ಇಲ್ಲಿನವರು ಆ ಹಾಸ್ಯವನ್ನೇ ಬಿರುದಾಗಿ ಧರಿಸಿಕೊಂಡಿದ್ದಾರೆ. ಕ್ಲಬ್ಬಿನ ಗಂಡಸರು 1997 ಮತ್ತು 1998ರಲ್ಲಿ ಲೀಗಿನ ಪ್ರಶಸ್ತಿಯನ್ನು ಗೆದ್ದರು.

2013ರ ಜೂನ್ ತಿಂಗಳಲ್ಲಿ ಮೆಲ್ಬರ್ನಿನ ಮಹಾ ಕ್ರೀಡಾಂಗಣದಲ್ಲಿ ಎರಡು ಕ್ಲಬ್ಬುಗಳ ಹೆಸರಿನಲ್ಲಿ ಸ್ತ್ರೀಯರ ಪ್ರದರ್ಶನ ಪಂದ್ಯವೊಂದು ನಡೆಯಿತು. ಇಂಥ ಪಂದ್ಯಗಳಿಗಾಗಿ ಹಣವನ್ನೂ ಕಾಲವನ್ನೂ ವ್ಯಯಮಾಡಿದವರಲ್ಲಿ ಸೂಸನ್ ಆಲ್ಬರ್ಟಿ ಎಂಬ ಮಹನೀಯಳು ಮುಖ್ಯಳು. ಮೂರು ವರುಷಗಳಾದ ಮೇಲೆ, 2016ರ ಜೂನಿನಲ್ಲಿ, ಸ್ತ್ರೀಯರ ರಾಷ್ಟ್ರೀಯ ಲೀಗು ಮರುವರುಷವೇ ಆರಂಭವಾಗುವುದೆಂದು ಗೊತ್ತಾಯಿತು. ಹದಿನೆಂಟು ಕ್ಲಬ್ಬುಗಳಲ್ಲಿ ಹದಿಮೂರು ಅರ್ಜಿ ಹಾಕಿದವು. ಎಂಟಕ್ಕೆ ಅನುಮತಿ ದೊರೆಯಿತು. ಅವುಗಳಲ್ಲಿ ಅಡಿಲೇಡ್ ಒಂದು. ಪೋರ್ಟ್ ಅಡಿಲೇಡಿಗೆ ಆಗ ಸ್ತ್ರೀಯರ ಪಂಗಡವಿರಲಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಯಾಕಂದರೆ ಈ ವೃತ್ತಾಂತದ ಮುಖ್ಯ ವ್ಯಕ್ತಿಯು ಪೋರ್ಟ್ ಮನೆತನದ ಮಗಳು. ಎರಿನ್ ಫಿಲಿಪ್ಸ್ 1985ರಲ್ಲಿ ಹುಟ್ಟಿದಳು. ತಂದೆ ಗ್ರೆಗ್ ಫಿಲಿಪ್ಸ್ ಪೋರ್ಟ್ ಅಡಿಲೇಡಿನ ಹೆಸರಾಂತ ಆಟಗಾರ. ಆ ಕ್ಲಬ್ಬಿನ ಎಂಟು ವಿಜಯಗಳಲ್ಲಿ ಪಾಲುಗೊಂಡವನು. ಮೂವರು ಹೆಣ್ಣುಮಕ್ಕಳಲ್ಲಿ ಕಿರಿಯಳಾದ ಎರಿನ್ ಹುಡುಗರ ಪಂಗಡಗಳಲ್ಲಿ ಆಡುತ್ತಾ ಬೆಳೆದಳು. ಹದಿಮೂರನೆಯ ವಯಸ್ಸಿನಲ್ಲಿ ಅವಳಿಗೂ ಬಾಗಿಲು ಮುಚ್ಚಲ್ಪಟ್ಟಿತು. ತಂದೆಯು ಎಷ್ಟು ದೊಡ್ಡ ಆಟಗಾರನಾದರೂ ಮಗಳಿಗೆ ಆ ಬಾಗಿಲನ್ನು ತೆರೆಯಲು ಅವನ ಕೈಲಾಗಲಿಲ್ಲ. ಆಗ ಅವಳು ಬ್ಯಾಸ್ಕೆಟ್‌ಬಾಲ್ ಆಟವನ್ನು ಹಿಡಿದಳು. ಅದರಲ್ಲಿ ಅವಳು ಪಡೆದ ಕೀರ್ತಿಯು ಸಾಮಾನ್ಯವಾದದ್ದಲ್ಲ. 2006ರಲ್ಲಿ ವಿಶ್ವವಿಜಯ ಸಾಧಿಸಿದ ಆಸ್ಟ್ರೇಲಿಯದ ಪಂಗಡದಲ್ಲಿದ್ದಳು. ಅಮೆರಿಕದ ಸ್ತ್ರೀಯರ ವೃತ್ತಿಪರ ಲೀಗಿನಲ್ಲಿ 2012ರಲ್ಲಿ ಇಂಡಿಯಾನ ಪಂಗಡದೊಂದಿಗೆ, 2014ರಲ್ಲಿ ಫೀನಿಕ್ಸ್ ಪಂಗಡದೊಂದಿಗೆ ಪ್ರಶಸ್ತಿಯನ್ನು ಗೆದ್ದಳು. 2016ರಲ್ಲಿ ರಿಯೋ ನಗರದ ಒಲಿಂಪಿಕ್ ಪಂದ್ಯಗಳಲ್ಲಿ ಆಡಿದಳು. ಇಷ್ಟಾದ ಮೇಲೆ, ಮೂವತ್ತು ದಾಟಿದವಳಾಗಿ, ಹದಿಮೂರರಲ್ಲಿ ಬಿಟ್ಟ ಆಟಕ್ಕೆ ಮರಳಿ ಬಂದಳು. ತಂದೆಯ ಕ್ಲಬ್ಬಿನಲ್ಲಿ ಸ್ತ್ರೀಯರಿಗೆ ಎಡೆಯಿರಲಿಲ್ಲವಷ್ಟೇ. ಆದುದರಿಂದ ದಾಯಾದಿಗಳಾದ ಕಾಗೆಗಳ ಬಣ್ಣವನ್ನೇ ತೊಟ್ಟಳು. ಆ ಊರಿನವರಿಗೆ ಇದು ಎಷ್ಟು ದೊಡ್ಡ ಸಂಗತಿಯೆಂಬುದು ಹೊರಗಿನವರಿಗೆ ತಿಳಿಯುವುದು ಕಷ್ಟ.

ಆ ಮೊದಲನೆಯ ಪಂಗಡವು ವಿಲಕ್ಷಣವಾದ ರೀತಿಯಲ್ಲಿ ಕಟ್ಟಲ್ಪಟ್ಟಿತ್ತು. ಅಡಿಲೇಡ್ ಕ್ಲಬ್ಬು ಉತ್ತರ ಪ್ರಾಂತದ ಫುಟ್‌ಬಾಲ್ ಸಂಸ್ಥೆಯೊಡನೆ ಒಡಂಬಡಿಕೆ ಮಾಡಿಕೊಂಡದ್ದರಿಂದ ಆಟಗಾರ್ತಿಯರಲ್ಲಿ ಕೆಲವರು ಅಡಿಲೇಡಿನಲ್ಲಿಯೂ ಕೆಲವರು ಡಾರ್ವಿನ್ ಪಟ್ಟಣದಲ್ಲಿಯೂ ಅಭ್ಯಾಸ ಮಾಡಬೇಕಾಗಿತ್ತು. ಈ ಎರಡು ಊರುಗಳಿಗೆ ನಡುವೆ ಮರುಭೂಮಿಯನ್ನು ಸೀಳಿಕೊಂಡು ಹೋಗುವ ಸುಮಾರು 3,000 ಕಿಲೋಮೀಟರುಗಳ ರಸ್ತೆ. ಒಂದು ಶಾಲೆಯ ಪಂಗಡದ ಅರ್ಧ ಮಂದಿ ಕನ್ಯಾಕುಮಾರಿಯಲ್ಲಿಯೂ ಅರ್ಧ ಮಂದಿ ದಿಲ್ಲಿಯಲ್ಲಿಯೂ ಅಭ್ಯಾಸಮಾಡಿ, ಪಂದ್ಯದ ಹೊತ್ತಿಗೆ ಒಂದುಗೂಡಿದಂತೆ ಇದು. ಡಾರ್ವಿನಿನ ಕಡೆಯವರಲ್ಲಿ ಅಬಿ ಹೋಮ್ಸ್ ಎಂಬವಳಿದ್ದಳು. ಒಂದೇ ಋತುವಿನಲ್ಲಿ ನೂರು ಗೋಲುಗಳನ್ನು ಹೊಡೆದ ಮೊದಲನೆಯ ಸ್ತ್ರೀ ಎಂದು ಅವಳು ಅದಕ್ಕೆ ಮೊದಲೇ ಹೆಸರಾಗಿದ್ದಳು. ತರಬೇತು ಕೊಟ್ಟವರು ಬೆಕ್ ಗಾಡರ್ಡ್. ಕೇಂದ್ರ ಸರಕಾರದ ಪೊಲೀಸು ಇಲಾಖೆಯಲ್ಲಿ ಕೆಲಸಮಾಡಿದ ಸ್ತ್ರೀ. ಎರಿನಳ ಜೊತೆಯಲ್ಲಿ ನಾಯಕಿಯಾಗಿದ್ದವಳು ಚೆಲ್ಸಿ ರ್‍ಯಾಂಡಲ್, ಪಶ್ಚಿಮ ಆಸ್ಟ್ರೇಲಿಯದಿಂದ ಬಂದವಳು.

ವೃತ್ತಿಪರರೆಂದು ಇವರನ್ನು ಕರೆದರೂ ಆ ವರುಷದ ಸಂಬಳವನ್ನು ಕೇಳಿದರೆ ಆಶ್ಚರ್ಯವಾದೀತು. ಎರಿನಳಂಥ ಹೆಸರಾಂತರಿಗೆ ಋತುವಿಗೆ 27,000 ಡಾಲರು, ಎರಡನೆಯ ದರ್ಜೆಯವರಿಗೆ 12,000, ಮಿಕ್ಕವರೆಲ್ಲರಿಗೂ 8,500. ಈ ಕೊನೆಯ ಮೊತ್ತವು ಸಹ ಆಟಗಾರರ ಸಂಘವು ವಾದಿಸಿದ ಮೇಲೆಯೇ ಏರಿದ್ದು. ಮೊದಲು 5,000 ಎಂದಿದ್ದರು. ಆಸ್ಟ್ರೇಲಿಯದಲ್ಲಿ ಇಷ್ಟರಿಂದ ಜೀವನ ಸಾಗದು. ಹೀಗಾಗಿ ಹಗಲು ಶಾಲೆಯಲ್ಲಿ ಪಾಠ ಹೇಳಿ, ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆ ಮಾಡಿ, ಕಚೇರಿಯ ಕೆಲಸ ತೀರಿಸಿ, ಸಾಯಂಕಾಲ ದೀಪದ ಬೆಳಕಿನಲ್ಲಿ ಅಭ್ಯಾಸಕ್ಕೆ ಬರುವುದು ಲೀಗಿನ ಎಲ್ಲಾ ಪಂಗಡಗಳಲ್ಲಿಯೂ ವಾಡಿಕೆಯಾಗಿತ್ತು. ಅವರಲ್ಲಿ ಉಪಾಧ್ಯಾಯಿನಿಯರೂ ದಾದಿಯರೂ ಇದ್ದರೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಗಮನಿಸಬೇಕು. ನಮ್ಮವರಲ್ಲಿ ಆ ಎರಡು ಕಸುಬುಗಳವರು ಬಹಳ ಮಂದಿ ಇದ್ದಾರೆ.

ಲೀಗಿನ ಮೊದಲನೆಯ ಪಂದ್ಯವು 2017ರ ಫೆಬ್ರವರಿ 3ರಂದು ಮೆಲ್ಬರ್ನಿನಲ್ಲಿ ಕಾರ್ಲ್‌ಟನ್ ಮತ್ತು ಕಾಲಿಂಗ್‌ವುಡ್ ಪಂಗಡಗಳಿಗೆ ನಡೆಯಿತು. ಇಪ್ಪತ್ತನಾಲ್ಕು ಸಾವಿರಕ್ಕೆ ಮಿಕ್ಕು ಜನರು ಒಳಗೆ ತುಂಬಿಕೊಂಡು, ಬಾಗಿಲು ಹಾಕಬೇಕಾಯಿತು. ಒಳಗೆ ಬರಲಾಗದವರ ಕ್ಷಮೆಯನ್ನು ಕೇಳಲು ಲೀಗಿನ ಮುಖ್ಯಾಧಿಕಾರಿಯೇ ಬಾಗಿಲಿಗೆ ಬಂದನು. ಮರುದಿವಸ ಅಡಿಲೇಡಿನವರು ಥೆಬಾರ್ಟನ್ ಬಯಲಿನಲ್ಲಿ ತಮ್ಮ ಮೊದಲನೆಯ ಪಂದ್ಯವನ್ನಾಡಿ ಸಿಡ್ನಿ ಕಡೆಯ ಜಯಂಟ್ಸ್ ಪಂಗಡವನ್ನು ಸೋಲಿಸಿದರು. ಮಾರ್ಚ್ 25ರಂದು ಅಂತಿಮ ಪಂದ್ಯ, ಎದುರಾಳಿಗಳು ಬ್ರಿಸ್ಬೇನಿನವರು. ಇದು ಬ್ರಿಸ್ಬೇನ್ ನಗರದೊಳಗೇ ನಡೆಯಬೇಕಿತ್ತು. ಆದರೆ ಪ್ರಸಿದ್ಧ ಗಾಯಕಿಯೊಬ್ಬಳ ಸಂಗೀತ ಸಭೆಗಳಿಂದ ಅಲ್ಲಿನ ಬಯಲಿನ ಹುಲ್ಲು ಹಾಳಾಗಿದ್ದ ಕಾರಣ ದಕ್ಷಿಣಕ್ಕೆ ಕರಾರ ಎಂಬಲ್ಲಿ ನಡೆಸಿದರು. ಒಂದೂ ಪಂದ್ಯವನ್ನು ಸೋಲದೆ ಬಂದಿದ್ದ ಬ್ರಿಸ್ಬೇನಿನವರನ್ನು ಅಡಿಲೇಡಿನವರು 35ಕ್ಕೆ 29 ಅಂಕಗಳಿಂದ ಗೆದ್ದರು. ಪಂದ್ಯದ ಶ್ರೇಷ್ಠ ಆಟಗಾರ್ತಿಯೆಂಬ ಪದಕವೂ ಇಡೀ ಲೀಗಿನ ಶ್ರೇಷ್ಠ ಆಟಗಾರ್ತಿಯೆಂಬ ಪದಕವೂ ಎರಿನಳಿಗೆ ದೊರೆತವು. ಪ್ರಶಸ್ತಿಯನ್ನು ಗೆಲ್ಲಿಸಿದ ಮೊದಲನೆಯ ತರಬೇತುಗಾರ್ತಿಯೆಂಬ ಗೌರವವು ಗಾಡರ್ಡ್ ಅವರದಾಯಿತು.

ಮುಂದಿನ ವರುಷ ಅಷ್ಟು ಒಳ್ಳೆಯದಾಗಲಿಲ್ಲ. 2019ರಲ್ಲಿ ಮ್ಯಾಥ್ಯೂ ಕ್ಲಾರ್ಕ್ ಎಂಬವರ ತರಬೇತಿಯಲ್ಲಿ ಪಂಗಡವು ಮರಳಿ ಅಂತಿಮ ಪಂದ್ಯಕ್ಕೆ ಬಂತು. ಈ ಸಾರಿ ಸ್ವಂತ ಊರಿನಲ್ಲಿ, ಅಡಿಲೇಡ್ ಓವಲ್ ಎಂಬ ಪುರಾತನ ಬಯಲಿನಲ್ಲಿ. ಮಾರ್ಚ್ 31, ಆದಿತ್ಯವಾರ. (ಕರ್ತನ ದಿನದಲ್ಲಿ ಆಡಿದ್ದು ನನಗೆ ಮೆಚ್ಚಿಕೆಯಲ್ಲ, ಆದರೂ ನಡೆದದ್ದನ್ನು ಹೇಳಬೇಕು.) ಪ್ರವೇಶಕ್ಕೆ ಹಣವಿರಲಿಲ್ಲ. ಬೆಟ್ಟದಂತೆ ಎದ್ದಿರುವ ಆಸನಗಳ ಸಾಲುಗಳು ಒಂದೊಂದಾಗಿ ತುಂಬುತ್ತಾ ಬಂದು, ಕೊನೆಗೆ ಎಣಿಸಿದಾಗ 53,034 ಮಂದಿ ಬಂದಿದ್ದರು. ಇದಕ್ಕೆ ಮೊದಲು ಸ್ತ್ರೀಯರ ಲೀಗಿನ ಯಾವ ಪಂದ್ಯಕ್ಕೂ ಅಷ್ಟು ಜನರು ಸೇರಿರಲಿಲ್ಲ. ಈ ಸಂಖ್ಯೆಯನ್ನು ಓದಿದಾಗ ಇಂಗ್ಲೆಂಡಿನ ಹಳೆಯ ಸಂಗತಿಯೊಂದು ನೆನಪಾಗುತ್ತದೆ. 1920ರ ಕ್ರಿಸ್‌ಮಸ್ಸಿನ ಮರುದಿನ ಲಿವರ್‌ಪೂಲಿನಲ್ಲಿ, ಕಾರ್ಖಾನೆಯ ಕೆಲಸಗಾರ್ತಿಯರ ಫುಟ್‌ಬಾಲ್ ಪಂದ್ಯವನ್ನು ನೋಡುವುದಕ್ಕೆ ಸುಮಾರು 53,000 ಮಂದಿ ಬಂದಿದ್ದರು. ಮರುವರುಷ ಡಿಸೆಂಬರಿನಲ್ಲಿ ಅಲ್ಲಿನ ಫುಟ್‌ಬಾಲ್ ಸಂಘದವರು, ಈ ಆಟವು ಸ್ತ್ರೀಯರಿಗೆ ತಕ್ಕದ್ದಲ್ಲವೆಂದು ಹೇಳಿ, ತಮ್ಮ ಕ್ಲಬ್ಬುಗಳ ಬಯಲುಗಳನ್ನು ಅವರಿಗೆ ಮುಚ್ಚಿದರು. ಜನರಿಗೆ ಬೇಡವಾಗಿ ಆ ಆಟವು ನಿಂತುಹೋಗಲಿಲ್ಲವೆಂಬುದು ಸ್ಪಷ್ಟ. ಅಡಿಲೇಡಿನಲ್ಲಿ ಬಯಲು ತೆರೆದೇ ಇತ್ತು, ಜನರೂ ಬಂದರು.

ಕಾರ್ಲ್‌ಟನ್ ಪಂಗಡದ ವಿರುದ್ಧ ಅಡಿಲೇಡಿನವರು ಅಂದು 63ಕ್ಕೆ 18 ಅಂಕಗಳಿಂದ ಗೆದ್ದರು. ಆದರೆ ಮೂರನೆಯ ಭಾಗದ ಆಟದಲ್ಲಿ ಎರಿನಳ ಮೊಣಕಾಲು ತಿರುಚಿತು. ಅವಳು ನೆಲದಲ್ಲಿ ಕುಳಿತಿದ್ದಾಗ ಎದುರು ಪಕ್ಷದವರೂ ಬಳಿಗೆ ಬಂದು ಸಂತೈಸಿದರು. ಹೊರಗೆ ಒಯ್ಯುವಾಗ ಇಡೀ ಜನಸ್ತೋಮವು ಎದ್ದುನಿಂತು ಚಪ್ಪಾಳೆ ತಟ್ಟಿತು. ಉಳಿದ ಆಟದಲ್ಲಿ ಅವಳು ಇಲ್ಲದಿದ್ದರೂ ಪಂದ್ಯದ ಶ್ರೇಷ್ಠಳೆಂಬ ಪದಕವು ಅವಳಿಗೇ ಕೊಡಲ್ಪಟ್ಟಿತು. ಆ ವರುಷದ ಲೀಗಿನ ಪದಕವೂ ಎರಡನೆಯ ಸಾರಿ ಅವಳದೇ ಆಯಿತು.

ಗಾಯಗಳ ಮಾತು ಬಂತಷ್ಟೇ. ಎರಿನಳಿಗೆ ಹರಿದದ್ದು, ಮೊಣಕಾಲಿನೊಳಗೆ ತೊಡೆಯ ಎಲುಬನ್ನೂ ಕೆಳಗಿನ ಎಲುಬನ್ನೂ ಅಡ್ಡಲಾಗಿ ಬಿಗಿಹಿಡಿಯುವ ಒಂದು ಅಸ್ಥಿಬಂಧ. ಹರಿದರೆ ಶಸ್ತ್ರಚಿಕಿತ್ಸೆಯೂ ಸುಮಾರು ಒಂದು ವರುಷದ ವಿಶ್ರಾಂತಿಯೂ ಬೇಕು. ಆ ವರುಷದ ಕೊನೆಯಲ್ಲಿ ಚೆಲ್ಸಿಗೂ ಇದೇ ಗಾಯವಾಗಿ 2020ರ ಋತುವೆಲ್ಲಾ ಕಳೆದುಹೋಯಿತು. ಓಡುತ್ತಾ ಥಟ್ಟನೆ ತಿರುಗುವ, ನೆಗೆದು ಇಳಿಯುವ ಆಟಗಳಲ್ಲಿ ಈ ಗಾಯವು ಗಂಡಸರಿಗಿಂತ ಸ್ತ್ರೀಯರಿಗೆ ಹೆಚ್ಚಾಗಿ ಆಗುತ್ತದೆಂಬುದು ನಿಜ. ಇದನ್ನೇ ಮುಂದಿಟ್ಟು, ನೋಡಿರಿ, ಹೆಣ್ಣಿನ ದೇಹವು ಇದಕ್ಕೆ ಹೇಳಿದ್ದಲ್ಲ ಎಂದು ಕೆಲವರು ಹೇಳುವರು. ನನಗೆ ಆ ಮಾತು ಅರ್ಧ ಮಾತ್ರ ಕೇಳಿ ತೀರ್ಪು ಕೊಟ್ಟಂತೆ ತೋರುತ್ತದೆ. ಎಲುಬುಗಳ ರಚನೆಯು ಒಂದು ಕಾರಣವಿರಬಹುದು. ಆದರೆ ನೆಗೆದು ಇಳಿಯುವಾಗ ಮೊಣಕಾಲನ್ನು ಮಡಿಸಿ ಒಳಕ್ಕೆ ವಾಲದಂತೆ ಇಡುವುದು, ಒಂಟಿಕಾಲಿನ ಮೇಲೆ ಸಮತೂಕ ಕಾಯುವುದು, ತೊಡೆಯ ಹಿಂಭಾಗದ ಮಾಂಸಖಂಡಗಳನ್ನು ಬಲಪಡಿಸುವುದು, ಇವೆಲ್ಲ ಕಲಿಕೆಯಿಂದ ಬರುವ ವಿದ್ಯೆಗಳು. ಇವುಗಳನ್ನು ಆಟಕ್ಕೆ ಮುಂಚೆ ಕ್ರಮವಾಗಿ ಮಾಡಿಸಿದರೆ ಗಾಯಗಳು ಕಡಿಮೆಯಾಗುತ್ತವೆಂದು ವೈದ್ಯರು ಪರೀಕ್ಷಿಸಿ ಕಂಡಿದ್ದಾರೆ. ಹುಡುಗರು ಹದಿಮೂರರಿಂದ ಇಪ್ಪತ್ತರವರೆಗೆ ಬಿಡದೆ ಕಲಿಯುವ ಇದನ್ನು ಹುಡುಗಿಯರಿಗೆ ಆ ಏಳು ವರುಷವೂ ಕಲಿಸದೆ, ಅನಂತರ ಒಮ್ಮೆಗೇ ದೊಡ್ಡ ಬಯಲಿಗೆ ಇಳಿಸಿ, ಬಿದ್ದರೆ ದೇಹವನ್ನು ದೂರುವುದು ನ್ಯಾಯವಲ್ಲ. ನಮ್ಮ ಶಾಲೆಯ ಥ್ರೋಬಾಲ್, ಕಬಡ್ಡಿ ಆಟಗಳಿಗೂ ಈ ಅಭ್ಯಾಸಗಳು ಹೊಂದುತ್ತವೆ. ಇವಕ್ಕೆ ಯಾವ ಸಲಕರಣೆಯೂ ಬೇಕಿಲ್ಲ, ಕಾಲು ಗಂಟೆ ಸಾಕು.

ಪಂಗಡವು ಗೆದ್ದ ಪಂದ್ಯಗಳಿಗಿಂತ ಸೋತ ಪಂದ್ಯವೊಂದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 2020ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಲೀಗು ಅರ್ಧದಲ್ಲಿಯೇ ನಿಂತು ಯಾರಿಗೂ ಪ್ರಶಸ್ತಿಯಿಲ್ಲದೆ ಹೋಯಿತು. 2021ರಲ್ಲಿ ಅಡಿಲೇಡಿನವರು ಮತ್ತೆ ಅಂತಿಮ ಪಂದ್ಯಕ್ಕೆ ಬಂದರು. ಅದಕ್ಕೆ ಒಂದು ವಾರ ಮುಂಚಿನ ಪಂದ್ಯದಲ್ಲಿ, ಚೆಂಡನ್ನು ತಡೆಯಲು ಧೈರ್ಯದಿಂದ ನುಗ್ಗಿದ ಚೆಲ್ಸಿಯ ತಲೆಗೆ ಪೆಟ್ಟಾಯಿತು. ತಲೆಗೆ ಪೆಟ್ಟು ತಗಲಿ ಮಂಪರು ಬಂದವರು ಕಡಿಮೆಯೆಂದರೆ ಹನ್ನೆರಡು ದಿನ ಆಡಕೂಡದೆಂದು ಲೀಗಿನ ನಿಯಮ. ಅಂತಿಮ ಪಂದ್ಯವು ಏಳನೆಯ ದಿನದಲ್ಲಿತ್ತು. ನಾಯಕಿಗಾಗಿ ನಿಯಮವನ್ನು ಸಡಿಲಿಸಬೇಕೆಂದು ಹೊರಗೆ ಅನೇಕರು ಕೂಗಿದರು, ನಿಯಮವು ಸಡಿಲವಾಗಲಿಲ್ಲ. ಚೆಲ್ಸಿಯು ಬಯಲಿನ ಅಂಚಿನಲ್ಲಿ ನಿಲ್ಲಬೇಕಾಯಿತು, ಅವಳ ಪಂಗಡವು ಬ್ರಿಸ್ಬೇನಿನವರಿಗೆ 20ಕ್ಕೆ 38 ಅಂಕಗಳಿಂದ ಸೋತಿತು. ಮಗಳನ್ನು ಆಟಕ್ಕೆ ಕಳುಹಿಸುವ ತಾಯಿಯು ತಿಳಿಯಬೇಕಾದದ್ದು ಇದನ್ನೇ. ಗಾಯವೇ ಆಗದ ಆಟವಿಲ್ಲ. ಪ್ರಶಸ್ತಿಗಿಂತ ಆಟಗಾರ್ತಿಯ ತಲೆಯು ದೊಡ್ಡದೆಂದು ನಡೆಸುವವರು ತಿಳಿದಿದ್ದಾರೆಯೇ ಇಲ್ಲವೇ ಎಂಬುದನ್ನು ವಿಚಾರಿಸಬೇಕು.

2022ರ ಏಪ್ರಿಲಿನಲ್ಲಿ ಅಡಿಲೇಡಿನವರು ಮೆಲ್ಬರ್ನಿನವರನ್ನು 29ಕ್ಕೆ 16 ಅಂಕಗಳಿಂದ ಸೋಲಿಸಿ ಮೂರನೆಯ ಸಾರಿ ಪ್ರಶಸ್ತಿಯನ್ನು ಪಡೆದರು. ಅದು ಎರಿನಳಿಗೆ ಆ ಬಣ್ಣದಲ್ಲಿ ಕೊನೆಯ ಪಂದ್ಯ. ಆ ವರುಷವೇ ಪೋರ್ಟ್ ಅಡಿಲೇಡಿನವರು ಕಟ್ಟಕಡೆಗೆ ಸ್ತ್ರೀಯರ ಪಂಗಡವನ್ನು ಕಟ್ಟಿದರು, ಹದಿನೆಂಟು ಕ್ಲಬ್ಬುಗಳೂ ಲೀಗಿಗೆ ಸೇರಿದಂತಾಯಿತು. ಎರಿನ್ ತಂದೆಯ ಕ್ಲಬ್ಬಿಗೆ ಮೊದಲನೆಯ ನಾಯಕಿಯಾಗಿ ಹೋದಳು. ಸೆಪ್ಟೆಂಬರಿನಲ್ಲಿ ಎರಡು ಕ್ಲಬ್ಬುಗಳ ಸ್ತ್ರೀಯರು ಮೊದಲನೆಯ ಸಾರಿ ಎದುರುಬದುರಾದಾಗ ಗೆದ್ದವರು ಅವಳ ಹಳೆಯ ಜೊತೆಗಾರ್ತಿಯರೇ. ದಾಯಾದಿಗಳ ಹಗೆಯುಳ್ಳ ಊರಿನಲ್ಲಿ ಅವಳು ಹೋದದ್ದನ್ನು ಯಾರೂ ದ್ರೋಹವೆನ್ನಲಿಲ್ಲವೆಂದು ಹೇಳಲಾರೆ. ಮಗಳು ತವರಿಗೆ ಹೋದಳೆಂದು ತಿಳಿದವರೇ ಹೆಚ್ಚೆಂದು ನಂಬುತ್ತೇನೆ. 2023ರ ಋತುವಿನೊಂದಿಗೆ ಅವಳ ಆಟವು ಮುಗಿಯಿತು. 2025ರಲ್ಲಿ ಆಸ್ಟ್ರೇಲಿಯದ ಫುಟ್‌ಬಾಲ್ ಕೀರ್ತಿಮಂದಿರದಲ್ಲಿ ಅವಳ ಹೆಸರು ಸೇರಿತು. ಸ್ತ್ರೀಯರ ಲೀಗಿನಿಂದ ಅಲ್ಲಿಗೆ ಸೇರಿದವರಲ್ಲಿ ಅವಳೇ ಮೊದಲಿಗಳು.

ಎಲ್ಲವೂ ಸರಿಹೋಯಿತೆಂದು ಇದರ ಅರ್ಥವಲ್ಲ. ಮಾಮೂಲು ಪಂದ್ಯಗಳಿಗೆ ಅಡಿಲೇಡಿನ ಸ್ತ್ರೀಯರು ನಾರ್ವುಡ್, ಅನ್ಲಿ ಮೊದಲಾದ ಚಿಕ್ಕ ಬಯಲುಗಳಲ್ಲಿ ಆಡುವರು. ಐವತ್ತು ಸಾವಿರ ಮಂದಿ ದಿನವೂ ಬರುವುದಿಲ್ಲ. ಅಂಕಗಳು ಕಡಿಮೆ, ಆಟದಲ್ಲಿ ಗಂಡಸರಷ್ಟು ನಯವಿಲ್ಲ ಎಂಬ ದೂರುಗಳು ಇನ್ನೂ ಕೇಳಬರುತ್ತವೆ. 2019ರಲ್ಲಿ ಕಾರ್ಲ್‌ಟನ್ ಪಂಗಡದ ಟೇಲಾ ಹ್ಯಾರಿಸ್ ಎಂಬವಳು ಚೆಂಡನ್ನು ಒದೆಯುವ ಅಂದವಾದ ಛಾಯಾಚಿತ್ರಕ್ಕೆ ಕೆಲವು ಗಂಡಸರು ಬರೆದ ಹೊಲಸು ಮಾತುಗಳನ್ನು ಈ ಪುಟಗಳಲ್ಲಿ ಹೇಳಲಾಗದು. ಆ ಚಿತ್ರವನ್ನೇ ನೋಡಿ ಕಂಚಿನ ಬಣ್ಣದ ದೊಡ್ಡ ಪ್ರತಿಮೆಯೊಂದನ್ನು ಮಾಡಿಸಿ ಅದೇ ವರುಷ ಮೆಲ್ಬರ್ನಿನ ನಡುಚೌಕದಲ್ಲಿ ಪ್ರದರ್ಶಿಸಿದರು. ಸಂಬಳದಲ್ಲಿ ಮಾತ್ರ ಖಂಡಿತವಾದ ಏಳಿಗೆಯುಂಟು. 2022ರ ಒಡಂಬಡಿಕೆಯಲ್ಲಿ ಅತಿ ಕಡಿಮೆಯ ಸಂಬಳವು 20,239 ಡಾಲರುಗಳಿಂದ 39,184ಕ್ಕೆ ಏರಿತು. ಮರುವರುಷ ಗಂಡಸರಿಗೂ ಸ್ತ್ರೀಯರಿಗೂ ಒಂದೇ ಒಡಂಬಡಿಕೆಯೆಂದು ಗೊತ್ತಾಗಿ, ಸ್ತ್ರೀಯರ ಕರಾರು ಕೆಲವು ತಿಂಗಳುಗಳದ್ದಾಗಿರದೆ ಹನ್ನೆರಡು ತಿಂಗಳುಗಳದ್ದಾಯಿತು.

ಕೊನೆಯದಾಗಿ ಎಬೊನಿ ಮಾರಿನೋಫ್ ಎಂಬವಳ ಹೆಸರನ್ನು ಹೇಳಬೇಕು. 2017ರ ಮೊದಲನೆಯ ಪಂಗಡದಲ್ಲಿ ಅವಳು ಹತ್ತೊಂಬತ್ತು ವರುಷದ ಹುಡುಗಿ. ಆ ಋತುವಿನ ಅತ್ಯುತ್ತಮ ಕಿರಿಯ ಆಟಗಾರ್ತಿಯೆಂದು ಬಹುಮಾನ ಪಡೆದವಳು. ಎರಿನಳಿಗೆ ಬೇರೆ ಆಟದಲ್ಲಿ ಕಳೆಯಬೇಕಾಗಿ ಬಂದ ಇಪ್ಪತ್ತರ ಪ್ರಾಯವನ್ನು ಈಕೆಯು ಪೂರ್ತಿಯಾಗಿ ಇದೇ ಆಟದಲ್ಲಿ, ಒಂದೇ ಕ್ಲಬ್ಬಿನಲ್ಲಿ ಕಳೆದಳು. 2024ರಲ್ಲಿ ಲೀಗಿನ ಶ್ರೇಷ್ಠ ಆಟಗಾರ್ತಿಯೆಂಬ ಪದಕವು ಅವಳಿಗೆ ಬಂತು. ಆಗ ಅವಳಿಗೆ ಇಪ್ಪತ್ತೇಳು ವರುಷ.